ಮರೆಯಲ್ಲಿರುವ ಯಂತ್ರ

ನೋಡುವವರಿಗೆ ಸಂತೋಷವಾಗಲೆಂದು ಒಂದು ವಸ್ತುವಿನ ಕಾರಣವನ್ನು ಅವರ ಕಣ್ಣಿಗೆ ಬೀಳದಂತೆ ಮರೆಮಾಡುವುದು ವಂಚನೆಯೆನಿಸುವುದೋ ಇಲ್ಲವೋ? ಪ್ರಶ್ನೆಯು ಪಾಠಶಾಲೆಯ ವಾದಕ್ಕೆ ತಕ್ಕದ್ದೆಂದು ತೋರಬಹುದು. ಆದರೆ ನನಗೆ ಇದು ಹುಟ್ಟಿದ್ದು ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ. ಡಿಸ್ನಿ ಸಂಸ್ಥೆಯವರು 1982ರಲ್ಲಿ ತೆರೆದ ಎಪ್ಕಾಟ್ ಎಂಬ ವಿಹಾರೋದ್ಯಾನದಲ್ಲಿ, ಕೆಲವು ವರ್ಷಗಳ ಹಿಂದೆ, ಮೊಮ್ಮಗನ ಕೈಹಿಡಿದುಕೊಂಡು ಒಂದು ಕಾರಂಜಿಯ ಮುಂದೆ ನಿಂತಿದ್ದಾಗ ಹುಟ್ಟಿತು.

ಅಲ್ಲಿ ಕಲ್ಪನಾಶಕ್ತಿಯ ಹೆಸರನ್ನೇ ಇಟ್ಟುಕೊಂಡ ಒಂದು ಮಂಟಪವುಂಟು. ಅದರ ಮುಂದಿನ ಗಿಡದ ಪಾತಿಗಳಲ್ಲಿ ಕೊಳವೂ ಕಾಣದು, ಕೊಳವೆಯೂ ಕಾಣದು. ಒಂದು ಪಾತಿಯಿಂದ ನೀರಿನ ತುಂಡೊಂದು ಥಟ್ಟನೆ ನೆಗೆದು, ಬಿಲ್ಲಿನಂತೆ ಬಾಗಿ, ಇನ್ನೊಂದು ಪಾತಿಯೊಳಕ್ಕೆ ಬಿದ್ದು ಮರೆಯಾಗುವುದು. ಮರುಕ್ಷಣವೇ ಆ ಪಾತಿಯಿಂದ ಮತ್ತೊಂದೆಡೆಗೆ ನೆಗೆತ. ಕಪ್ಪೆಯ ಕುಪ್ಪಳಿಕೆಯ ಹೆಸರನ್ನು ಈ ಕಾರಂಜಿಗೆ ಇಟ್ಟಿರುವುದು ಸರಿಯಾಗಿಯೇ ಇದೆ. ನೊರೆಯಿಲ್ಲ, ತುಂತುರಿಲ್ಲ, ಗಾಜಿನ ಕಡ್ಡಿಯೊಂದು ಹಾರಿಹೋದಂತೆ ಕಾಣುವುದು.

"ತಾತ, ಇದು ನೀರೋ ಗಾಜೋ?" ಎಂದು ಹುಡುಗನು ಕೇಳಿದನು.

"ನೀರಪ್ಪ."

"ನೀರು ಹೀಗೆ ಹೋಗೋದಿಲ್ಲ. ಒಳಗೆ ಏನಿದೆ?"

"ಏನೋ ಯಂತ್ರ ಇಟ್ಟಿದಾರೆ. ಸುಮ್ಮನೆ ನೋಡು" ಎಂದೆನು. ಅವನು ಸುಮ್ಮನೆ ನೋಡಲಿಲ್ಲ. ಓಡಿಹೋಗಿ ಧಾರೆಗೆ ಕೈಯೊಡ್ಡಿದನು. ಗಾಜು ಒಡೆದು ಹನಿಹನಿಯಾಗಿ ಅವನ ಅಂಗಿಯನ್ನು ತೋಯಿಸಿತು.

ಊರಿಗೆ ಬಂದ ಮೇಲೆ ಅದರ ಮರ್ಮವನ್ನು ಓದಿ ತಿಳಿದುಕೊಂಡೆನು. ರಭಸದಿಂದ ಹೊರಟ ನೀರಿನೊಳಗೆ ಅದರ ಭಾಗಗಳು ಒಂದನ್ನೊಂದು ನೂಕಾಡುತ್ತಿರುತ್ತವೆ. ಆದಕಾರಣ ಸಾಮಾನ್ಯ ಕಾರಂಜಿಯು ಬೆಳ್ಳಗೆ ಚೆದರುವುದು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್‌ಬರ್ನ್ ರೆನಾಲ್ಡ್ಸ್ ಎಂಬ ಪಂಡಿತನು ಗಾಜಿನ ಕೊಳವೆಯಲ್ಲಿ ಹರಿಯುವ ನೀರಿನೊಳಕ್ಕೆ ಬಣ್ಣದ ಎಳೆಯೊಂದನ್ನು ಬಿಟ್ಟು ಇದನ್ನು ಪರೀಕ್ಷಿಸಿದನು. ವೇಗವು ಕಡಮೆಯಿರುವಾಗ ಎಳೆಯು ನೂಲಿನಂತೆ ನೆಟ್ಟಗೆ ಸಾಗುವುದು. ಮಿತಿ ಮೀರಿದೊಡನೆ ಕದಡಿ ನೀರೆಲ್ಲವನ್ನೂ ವ್ಯಾಪಿಸುವುದು. ಈ ಕಾರಂಜಿಯವರು ನೀರನ್ನು ಹೊರಬಿಡುವ ಮೊದಲೇ ಶಾಂತಗೊಳಿಸುತ್ತಾರೆ. ಅಗಲವಾದ ಪಾತ್ರೆಯೊಳಕ್ಕೆ ಬಿಟ್ಟು ವೇಗವನ್ನು ತಗ್ಗಿಸಿ, ಜಾಲರಿಗಳಲ್ಲಿಯೂ ಸಣ್ಣ ಕೊಳವೆಗಳ ಕಟ್ಟಿನಲ್ಲಿಯೂ ಹಾಯಿಸಿ, ಕೊನೆಗೆ ಅಂಚು ಹರಿತವಾದ ದುಂಡು ರಂಧ್ರದಿಂದ ಹೊರಡಿಸುತ್ತಾರೆ. ಆಗ ನೀರಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ, ಒಂದರ ಪಕ್ಕದಲ್ಲೊಂದು, ತಂಟೆಯಿಲ್ಲದೆ ಸಾಗುತ್ತವೆ. ಅಂಥ ಧಾರೆಯನ್ನು ಬೇಕಾದ ಕ್ಷಣದಲ್ಲಿ ತಡೆದರೆ ಉಳಿದದ್ದು ತುಂಡಾಗಿ ಹಾರುವುದು. ಕೋನವೂ ವೇಗವೂ ಬದಲಾಗದಿದ್ದರೆ ಬೀಳುವ ಸ್ಥಳವೂ ಬದಲಾಗದಷ್ಟೆ; ಅಲ್ಲಿಯೇ ಬಿಲವೊಂದನ್ನು ಮಾಡಿಟ್ಟಿರುತ್ತಾರೆ. ಇದನ್ನು ರಚಿಸಿದವರಲ್ಲಿ ಮುಖ್ಯನಾದ ಮಾರ್ಕ್ ಫುಲ್ಲರ್ ಎಂಬವನು ವಿದ್ಯಾರ್ಥಿದಶೆಯಲ್ಲಿಯೇ, ಯೂಟಾ ವಿಶ್ವವಿದ್ಯಾನಿಲಯದಲ್ಲಿ, ಇಂಥ ಧಾರೆಗಳನ್ನು ಕುರಿತು ಪರಿಶ್ರಮಪಟ್ಟಿದ್ದನು.

ಯಂತ್ರವು ಮಣ್ಣಿನ ಕೆಳಗಿದೆಯೆಂಬುದರಲ್ಲಿ ನನಗೆ ಆಕ್ಷೇಪವಿಲ್ಲ. ಅಡಿಗೆಮನೆಯ ಹೊಗೆಯನ್ನು ಅತಿಥಿಗೆ ತೋರಿಸಬೇಕೆಂಬ ವಿಧಿಯಿಲ್ಲ. ಭೋಜರಾಜನ ಹೆಸರಿನಲ್ಲಿರುವ 11ನೆಯ ಶತಮಾನದ ಸಮರಾಂಗಣಸೂತ್ರಧಾರವು ಧಾರಾಗೃಹಗಳನ್ನು ವರ್ಣಿಸುತ್ತ, ಕಾಣದಿರುವುದನ್ನೂ ಶಬ್ದವಿಲ್ಲದಿರುವುದನ್ನೂ ಯಂತ್ರದ ಗುಣಗಳಲ್ಲಿಯೇ ಎಣಿಸಿದೆ. ಕಷ್ಟವಿರುವುದು ಬೇರೊಂದೆಡೆಯಲ್ಲಿ. ಪಾತಿಯೊಳಕ್ಕೆ ಬಿದ್ದ ತುಂಡು ಮತ್ತೆ ನೆಗೆಯುವುದಿಲ್ಲ. ನೆಗೆಯುವುದು ಬೇರೆ ನೀರು, ಬೇರೆ ರಂಧ್ರದಿಂದ. ಕಪ್ಪೆಯೆಂಬುದೇ ಅಲ್ಲಿಲ್ಲ. ದೀಪದ ಜ್ವಾಲೆಯು ಕ್ಷಣಕ್ಷಣಕ್ಕೂ ಬೇರೆಯಾದರೂ ಸಾದೃಶ್ಯದಿಂದ 'ಅದೇ ಇದು' ಎಂಬ ಭ್ರಾಂತಿ ಹುಟ್ಟುವುದೆಂದು ನಾವು ಪಾಠಶಾಲೆಯಲ್ಲಿ ಓದಿದ್ದೆವು. ಆ ಭ್ರಾಂತಿ ನಮ್ಮದೇ, ನಿಜ. ಆದರೆ ದೀಪವು ಭ್ರಾಂತಿಯನ್ನು ಉದ್ದೇಶಿಸುವುದಿಲ್ಲ; ಈ ಶಿಲ್ಪಿಯು ಉದ್ದೇಶಿಸಿದನು. ಬಾಯಿಂದ ಸುಳ್ಳಾಡಲಿಲ್ಲ, ಸುಳ್ಳು ನಮ್ಮಲ್ಲಿಯೇ ಹುಟ್ಟುವಂತೆ ಏರ್ಪಾಡುಮಾಡಿದನು.

ಸುಳ್ಳಾಡಲಿಲ್ಲವೆಂಬ ಸಮಾಧಾನವು ಸಾಲದೆಂಬುದಕ್ಕೆ ಧರ್ಮರಾಯನೇ ಸಾಕ್ಷಿ. ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜವೇ. ಆದರೂ ನೆಲದಿಂದ ನಾಲ್ಕಂಗುಲ ಮೇಲಿದ್ದ ಅವನ ರಥವು ಕೆಳಗಿಳಿಯಿತು. ಹಾಗಾದರೆ ಕಾರಂಜಿಯವನ ರಥವು ಏಕೆ ಇಳಿಯಬಾರದು? ನನಗೆ ತೋರುವ ಭೇದವಿಷ್ಟು. ದ್ರೋಣನಿಗೆ ನಿಜವು ತಿಳಿದಿದ್ದರೆ ಅವನು ಶಸ್ತ್ರವನ್ನು ಕೆಳಗಿಡುತ್ತಿರಲಿಲ್ಲ. ಧರ್ಮರಾಯನ ಮಾತಿನ ಫಲವೆಲ್ಲ ಅವನ ಅಜ್ಞಾನದ ಮೇಲೆ ನಿಂತಿತ್ತು. ಹುಡುಗನಿಗೋ ಕೈಯೊಡ್ಡಿ ನೀರೆಂದು ತಿಳಿದ ಮೇಲೆ ಸಂತೋಷವು ಇಮ್ಮಡಿಯಾಯಿತು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ತೋಟವನ್ನು ಇದರೊಡನೆ ಹೋಲಿಸಬಹುದು. ಸೇನ್ ನದಿಯಲ್ಲಿ ಹದಿನಾಲ್ಕು ಚಕ್ರಗಳ ಮಾರ್ಲಿಯ ಯಂತ್ರವನ್ನು 1684ರಲ್ಲಿ ನಡೆಯಿಸಿದರೂ ಅಲ್ಲಿಯ ಕಾರಂಜಿಗಳಿಗೆಲ್ಲ ನೀರು ಸಾಲಲಿಲ್ಲ. ಹದಿನಾಲ್ಕನೆಯ ಲೂಯಿ ದೊರೆಯು ಬರುವಾಗ ಸೇವಕರು ಸೀಟಿಯೂದಿ ಮುಂದಿನ ಧಾರೆಯನ್ನು ತೆರೆಯುವರು. ದಾಟಿಹೋದೊಡನೆ ಹಿಂದಿನದನ್ನು ಮುಚ್ಚುವರು. ಆ ಸಮೃದ್ಧಿಯ ತೋರಿಕೆಯು ಮರ್ಮ ತಿಳಿದವನ ಮುಂದೆ ಒಂದು ಗಳಿಗೆಯೂ ನಿಲ್ಲದು.

ಇಷ್ಟನ್ನು ಬರೆದು ಲೇಖನಿಯನ್ನು ಕೆಳಗಿಟ್ಟಿದ್ದರೆ ನನಗೆ ಸುಖವಾಗುತ್ತಿತ್ತು. ಆದರೆ ಈ ಅಳತೆಗೋಲನ್ನು ನನ್ನ ಮೇಲೂ ಇಟ್ಟುನೋಡಬೇಕಾಯಿತು. ಹುಡುಗರಿಗೆ ಶ್ಲೋಕವನ್ನು ಹೇಳಿಕೊಡುವಾಗ ಯಾರಾದರೂ ಅರ್ಥವನ್ನು ಕೇಳಿದರೆ "ಈಗ ಕಂಠಪಾಠ ಮಾಡು, ಅರ್ಥ ಆಮೇಲೆ" ಎನ್ನುವುದು ನನ್ನ ವಾಡಿಕೆಯಾಗಿತ್ತು. ಅದರಲ್ಲಿ ತಪ್ಪಿಲ್ಲ, ನನ್ನ ಗುರುಗಳೂ ಹಾಗೆಯೇ ಅಂದರು, ಆಮೇಲೆ ಹೇಳಿಯೂ ಹೇಳಿದರು. ಭೋಜನ ಗ್ರಂಥದಲ್ಲಿ, ಯಂತ್ರದ ಜೋಡಣೆಯನ್ನು ಹೇಳದಿರುವುದು ಗುಟ್ಟನ್ನು ಕಾಪಾಡುವುದಕ್ಕಾಗಿಯೇ ಹೊರತು ತಿಳಿಯದೆ ಅಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ನಾನು ಹಾಗೆ ಹೇಳುವ ಸ್ಥಿತಿಯಲ್ಲಿ ಎಲ್ಲ ಸಲವೂ ಇರಲಿಲ್ಲ. ಕೆಲವು ಶ್ಲೋಕಗಳ ಅನ್ವಯವು ನನಗೇ ಕೂಡಿಬಂದಿರಲಿಲ್ಲ. ಹುಡುಗರಿಗೆ ಅದು ತಿಳಿದಿದ್ದರೆ ನನ್ನ ಗಾಂಭೀರ್ಯವು ವರ್ಸೇಲ್ಸಿನ ಧಾರೆಯಾಗುತ್ತಿತ್ತು. ಅವರಲ್ಲಿ ಒಬ್ಬನು ಮೂರು ಸಲ ಕೇಳಿ, ನಾಲ್ಕನೆಯ ಸಲ ಕೇಳಲಿಲ್ಲ. ಆ ಮುಖವು ಇಂದಿಗೂ ನೆನಪಿದೆ, ಶ್ಲೋಕವೂ ನೆನಪಿದೆ.

ಕಾರಂಜಿಯ ಮುಂದೆಯೂ ನಾನು "ಸುಮ್ಮನೆ ನೋಡು" ಎಂದದ್ದು ಅದೇ ವಾಡಿಕೆಯಿಂದ. ಓದಿ ತಿಳಿದ ದಿನ ಸಂಜೆಯೇ ಮೊಮ್ಮಗನಿಗೆ ಟೆಲಿಫೋನಿನಲ್ಲಿ ಎಲ್ಲವನ್ನೂ ವಿವರಿಸಿ, ಆವತ್ತು ನನಗೆ ಗೊತ್ತಿರಲಿಲ್ಲವೆಂದೂ ಹೇಳಿದೆನು.

"ಹಾಗಾದರೆ ಬಿದ್ದ ತುಂಡು ಎಲ್ಲಿಗೆ ಹೋಗುತ್ತೆ, ತಾತ?"

"ಮಣ್ಣಿನ ಕೆಳಗೆ ಹಾದು ಪಂಪಿಗೆ ಹಿಂದಿರುಗುತ್ತೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ನಾನು ಹಾರೋದನ್ನ ನೋಡಲ್ಲ, ಬೀಳೋ ತೂತನ್ನ ನೋಡ್ತೀನಿ. ನೀವೂ ಬನ್ನಿ" ಎಂದನು.