ಮೊದಲು ಕೇಳುವ ಪ್ರಶ್ನೆ

2023ರ ಮಾರ್ಚ್ 21ರಂದು ರಾಜಸ್ಥಾನ ವಿಧಾನಸಭೆ ಆರೋಗ್ಯ ಹಕ್ಕು ಮಸೂದೆಯನ್ನು ಧ್ವನಿಮತದಿಂದ ಅಂಗೀಕರಿಸಿತು. 'ಆರೋಗ್ಯದ ಹಕ್ಕು' ಎಂಬ ಹೆಸರನ್ನೇ ಹೊತ್ತ ಕಾನೂನು ದೇಶದಲ್ಲಿ ಅದೇ ಮೊದಲನೆಯದು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಸದನಕ್ಕೆ ಬಂದು, ಪರಿಶೀಲನಾ ಸಮಿತಿಗೆ ಹೋಗಿ, ಅಲ್ಲಿ ತಿದ್ದಿಸಿಕೊಂಡು ವಾಪಸು ಬಂದಿದ್ದ ಮಸೂದೆ ಅದು. ಆ ದಿನಗಳಲ್ಲಿ ಜೈಪುರದಲ್ಲಿ ಖಾಸಗಿ ವೈದ್ಯರು ಬೀದಿಗಿಳಿದಿದ್ದರು. ಲಾಠಿ, ಜಲಫಿರಂಗಿ ಎಲ್ಲ ಆಯಿತು. ಇಲ್ಲಿ ದೆಹಲಿಯಲ್ಲಿ ಕೂತು ಹಿಂದಿ ಪತ್ರಿಕೆಗಳಲ್ಲಿ ಅದನ್ನು ಓದುತ್ತಿದ್ದಾಗ ನನಗೆ ಹಕ್ಕು ಎಂಬ ದೊಡ್ಡ ಪದಕ್ಕಿಂತ ಹೆಚ್ಚಾಗಿ ಕಾನೂನಿನ ಒಂದು ಸಣ್ಣ ಮಾತು ಮನಸ್ಸಿನಲ್ಲಿ ಉಳಿಯಿತು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲೇ ಶುಲ್ಕ ಕಟ್ಟಿಸಿಕೊಳ್ಳದೆ ಚಿಕಿತ್ಸೆ ಕೊಡಬೇಕು ಎಂಬ ಮಾತು.

ಪುಕ್ಕಟೆ ಕೊಡಬೇಕು ಎಂದು ಅದು ಹೇಳುವುದಿಲ್ಲ. ಚಿಕಿತ್ಸೆ ಆದ ಮೇಲೆ ಆಸ್ಪತ್ರೆ ಬಿಲ್ ಕೊಡಬಹುದು. ರೋಗಿ ಕಟ್ಟಲಾರದಿದ್ದರೆ ಸರ್ಕಾರ ತುಂಬಿಕೊಡಬೇಕು. ಹಣದ ಪ್ರಶ್ನೆ ಹಾಗೆಯೇ ಇದೆ, ಅದರ ಸರದಿ ಮಾತ್ರ ಬದಲಾಗಿದೆ. ಯಾರಿಗೆ ಏನು ಸಲ್ಲಬೇಕು ಎಂಬ ಬಗ್ಗೆ ನಾವು ಸಾಕಷ್ಟು ತಲೆ ಕೆಡಿಸಿಕೊಳ್ಳುತ್ತೇವೆ. ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಕೇಳಬೇಕು ಎಂಬುದೂ ನೀತಿಯ ಪ್ರಶ್ನೆಯೇ ಎಂದು ಅಷ್ಟಾಗಿ ಯೋಚಿಸುವುದಿಲ್ಲ. 'ದುಡ್ಡು ತಂದಿದ್ದೀರಾ' ಎಂಬ ಮಾತು ಡಿಸ್‌ಚಾರ್ಜ್ ದಿನ ಕೇಳಿದರೆ ವ್ಯವಹಾರ. ರಕ್ತ ಸೋರುತ್ತಿರುವಾಗ ಕೇಳಿದರೆ ಅದಕ್ಕೆ ಏನೆನ್ನಬೇಕೋ ಗೊತ್ತಿಲ್ಲ. ಮಾತು ಎರಡೂ ಕಡೆ ಒಂದೇ.

ಕರ್ನಾಟಕಕ್ಕೂ ಇದು ಹೊಸದೇನಲ್ಲ. 2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ, ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯ ವಿರುದ್ಧ ವೈದ್ಯರು ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿರಬಹುದು. ಮೊದಲಿದ್ದ ಬಿಗಿ ಸಡಿಲಿಸಿ ಕೊನೆಗೆ ಮಸೂದೆ ಪಾಸಾಯಿತು. ಅದರಲ್ಲಿ ಉಳಿದುಕೊಂಡ ಒಂದು ಅಂಶ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ರೋಗಿ ತೀರಿಕೊಂಡರೆ ಬಾಕಿ ಕಟ್ಟಲಿ ಎಂದು ಹೆಣವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬಹುದು. ಇಲ್ಲೂ ಸಾಲ ಮನ್ನಾ ಆಗಿಲ್ಲ. ಮೊದಲು ಮಣ್ಣು, ಆಮೇಲೆ ಲೆಕ್ಕ.

ರಾಜಸ್ಥಾನದ ವೈದ್ಯರ ಆಕ್ಷೇಪಗಳನ್ನು ಬರಿಯ ದುರಾಸೆ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಅಪಘಾತ ತುರ್ತು, ಹಾವು ಕಚ್ಚಿದ್ದು ತುರ್ತು, ಸರಿ. ಉಳಿದದ್ದನ್ನು ಯಾರು ತೀರ್ಮಾನಿಸಬೇಕು? ಎದೆನೋವೆಂದು ಬಂದವನಿಗೆ ಗ್ಯಾಸ್ಟ್ರಿಕ್ ಆಗಿದ್ದರೆ? ಸರ್ಕಾರ ಹಣ ತುಂಬಿಕೊಡುತ್ತದೆ ಅಂದರೆ ಎಷ್ಟು ತಿಂಗಳಿಗೆ? ಸರ್ಕಾರಿ ಕಚೇರಿಯಿಂದ ಬಿಲ್ ಪಾಸು ಮಾಡಿಸಿಕೊಂಡ ಯಾರಿಗೂ ಈ ಕೊನೆಯ ಪ್ರಶ್ನೆ ಅನ್ಯಾಯದ್ದು ಅನ್ನಿಸದು. ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂ ಇಟ್ಟುಕೊಂಡವನು ನರ್ಸುಗಳ ಸಂಬಳವನ್ನು ಆಮೇಲೆ ಕೊಡುತ್ತೇನೆ ಅನ್ನುವಂತಿಲ್ಲ. ಸರದಿ ಬದಲಿಸುವವರು, ಕಾಯಬೇಕಾದವನ ಹೊಟ್ಟೆಪಾಡನ್ನೂ ನೋಡಬೇಕು. ಆ ಹಣವನ್ನು ಬಜೆಟ್ಟಿನಲ್ಲಿ ಮೊದಲೇ ಎತ್ತಿಟ್ಟು, ವಾರಗಳಲ್ಲಿ ಕೈಸೇರುವಂತೆ ಮಾಡಿದ್ದರೆ ಮುಷ್ಕರದ ಅರ್ಧ ಬಲ ಅಲ್ಲೇ ಕರಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಆದರೆ ಏಪ್ರಿಲ್ 4ರಂದು ಆದ ರಾಜಿಯ ದಾರಿಯೇ ಬೇರೆ. ಐವತ್ತು ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಗಳಿಗೆ ವಿನಾಯಿತಿ ಸಿಕ್ಕಿತು. ಸರ್ಕಾರದಿಂದ ರಿಯಾಯಿತಿ ದರದಲ್ಲಿ ಜಮೀನನ್ನೋ ಕಟ್ಟಡವನ್ನೋ ಪಡೆಯದ ಆಸ್ಪತ್ರೆಗಳಿಗೂ ವಿನಾಯಿತಿ. ಅಂದರೆ ಯಾರು ಸಮಾಜದಿಂದ ಏನಾದರೂ ತೆಗೆದುಕೊಂಡಿದ್ದಾರೋ ಅವರಿಗೆ ಮಾತ್ರ ಕರ್ತವ್ಯ. ದೆಹಲಿಯಲ್ಲೂ ಇದೇ ತರ್ಕ. ಸೋವಿ ದರದಲ್ಲಿ ಸರ್ಕಾರಿ ಜಮೀನು ಪಡೆದ ಖಾಸಗಿ ಆಸ್ಪತ್ರೆಗಳು ತಮ್ಮ ಹಾಸಿಗೆಗಳಲ್ಲಿ ಶೇಕಡಾ 10ನ್ನು ಬಡವರಿಗೆ ಬಿಟ್ಟುಕೊಡಬೇಕೆಂದು ನ್ಯಾಯಾಲಯಗಳು ಹೇಳಿವೆ. ಋಣ ತೀರಿಸು ಎಂಬುದು ನಮ್ಮ ಮನಸ್ಸಿಗೆ ಬೇಗ ಒಪ್ಪಿಗೆಯಾಗುವ ನ್ಯಾಯ. ಆದರೆ ಬಾಗಿಲಲ್ಲಿ ಬಿದ್ದವನ ಕಡೆಯಿಂದ ನೋಡಿದರೆ ಈ ಆಸ್ಪತ್ರೆ ಜಮೀನನ್ನು ಎಷ್ಟಕ್ಕೆ ಕೊಂಡಿತು ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? 1989ರಲ್ಲೇ, ಪರಮಾನಂದ ಕಟಾರಾ ಪ್ರಕರಣದಲ್ಲಿ, ಗಾಯಾಳುವಿನ ಪ್ರಾಣ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯನ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅಲ್ಲಿ ಋಣದ ಮಾತೇ ಇರಲಿಲ್ಲ.

ಸರದಿ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಬಂಗಾಳದ ಹಕೀಂ ಶೇಖ್ ಪ್ರಕರಣವಿದೆ. ಆತ ಕೃಷಿಕೂಲಿಗಳ ಸಂಘಟನೆಯ ಸದಸ್ಯ. 1992ರ ಜುಲೈಯಲ್ಲಿ ಮಥುರಾಪುರ ಸ್ಟೇಷನ್ನಿನಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಹೊತ್ತು ತಿರುಗಿದರು. ಹೆಚ್ಚಿನ ಕಡೆ ಸಿಕ್ಕಿದ ಉತ್ತರ ಒಂದೇ, ಬೆಡ್ ಇಲ್ಲ. ಕೊನೆಗೆ ಕಲ್ಕತ್ತದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚು ಮಾಡಿ ಬದುಕಿಕೊಂಡ. 1996ರಲ್ಲಿ ಸುಪ್ರೀಂ ಕೋರ್ಟ್ ಆತನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಹಣವಿಲ್ಲ ಎಂಬ ಕಾರಣಕ್ಕೆ ಸರ್ಕಾರ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು. ಆತನನ್ನು ಯಾವ ಸರ್ಕಾರಿ ಆಸ್ಪತ್ರೆಯೂ ದುಡ್ಡು ಕೇಳಿ ವಾಪಸು ಕಳಿಸಲಿಲ್ಲ, ಗಮನಿಸಿ. ಕೇಳುವ ಪ್ರಮೇಯವೇ ಬರಲಿಲ್ಲ. ಹಾಸಿಗೆ ಇಲ್ಲದ ಕಡೆ ಯಾವ ಪ್ರಶ್ನೆ ಮೊದಲು ಎಂಬುದು ವೇದಾಂತ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ರಾಜ್ಯಗಳು ತಮ್ಮ ಬಜೆಟ್ಟಿನ ಶೇಕಡಾ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಮೀಸಲಿಡಬೇಕು ಎಂದದ್ದು ಇದಕ್ಕೇ. ಹಕ್ಕಿನ ಭಾಷಣಕ್ಕೆ ತುಂಬುವ ಗ್ಯಾಲರಿ ಇಲಾಖಾವಾರು ಬೇಡಿಕೆಗಳ ಚರ್ಚೆಗೆ ಖಾಲಿಯಾಗಿರುತ್ತದೆ. ಹಾಸಿಗೆ ಹುಟ್ಟುವುದು ಈ ಎರಡನೆಯ ಚರ್ಚೆಯಲ್ಲಿ.

ಇಷ್ಟು ಹೇಳಿ ಈಗ ನಮ್ಮಂಥವರಿಗೆ ನೇರವಾಗಿ ತಾಗುವ ಮಾತಿಗೆ ಬರುತ್ತೇನೆ. ರಾಜಸ್ಥಾನದ ಕಾನೂನು ಹಕ್ಕನ್ನು ಕೊಡುವುದು ರಾಜ್ಯದ 'ನಿವಾಸಿ'ಗೆ. ಒಂದು ರಾಜ್ಯದ ಶಾಸನಸಭೆ ಬೇರೆ ಯಾರಿಗೆ ತಾನೇ ಕೊಡಲು ಸಾಧ್ಯ ಅನ್ನಬಹುದು. ಓಟು ಹಾಕಿದವರಿಗೆ ಉತ್ತರ ಹೇಳಬೇಕಾದ ಶಾಸಕ, ಅವರ ದುಡ್ಡನ್ನು ಪಕ್ಕದ ರಾಜ್ಯದವರಿಗೆ ಏಕೆ ಸುರಿಯಬೇಕು? ಈ ಪ್ರಶ್ನೆಗೆ ದೆಹಲಿಯಷ್ಟು ಒಳ್ಳೆಯ ಪ್ರಯೋಗಶಾಲೆ ಇಲ್ಲ. ಏಮ್ಸ್, ಸಫ್ದರ್‌ಜಂಗ್ ಕೇಂದ್ರ ಸರ್ಕಾರದ ಆಸ್ಪತ್ರೆಗಳು. ಅಲ್ಲಿ ಯಾವ ಊರೆಂದು ಕೇಳಿ ತಡೆಯುವವರಿಲ್ಲ. ಉತ್ತರ ಪ್ರದೇಶದ ಗಡಿಗೆ ಅಂಟಿಕೊಂಡಿರುವ ಗುರು ತೇಗ್ ಬಹಾದೂರ್ ಆಸ್ಪತ್ರೆ ದೆಹಲಿ ಸರ್ಕಾರದ್ದು. 2018ರ ಅಕ್ಟೋಬರಿನಲ್ಲಿ ಅಲ್ಲಿ ಶೇಕಡಾ 80ರಷ್ಟು ಹಾಸಿಗೆಗಳನ್ನು ದೆಹಲಿಯವರಿಗೆ ಮೀಸಲಿಟ್ಟರು. ಮತದಾರರ ಚೀಟಿ ತೋರಿಸಬೇಕಿತ್ತು. ಎರಡು ವಾರ ತುಂಬುವ ಮೊದಲೇ ಹೈಕೋರ್ಟ್ ಅದನ್ನು ರದ್ದು ಮಾಡಿತು. 2020ರ ಜೂನ್ 7ರಂದು ಕೊರೊನಾ ಏರುತ್ತಿದ್ದಾಗ ಮತ್ತೆ ಅದೇ ಮಾತು, ದೆಹಲಿಯ ಆಸ್ಪತ್ರೆಗಳು ದೆಹಲಿಯವರಿಗೆ. ಜನರ ಅಭಿಪ್ರಾಯ ಕೇಳಿದ್ದೇವೆ, ಬಹುಪಾಲು ಜನ ಹೌದು ಅಂದಿದ್ದಾರೆ ಎಂದಿತು ಸರ್ಕಾರ. ಮರುದಿನವೇ ಉಪರಾಜ್ಯಪಾಲರು ಆ ನಿರ್ಧಾರವನ್ನು ತಳ್ಳಿಹಾಕಿದರು.

ಬಹುಪಾಲು ಜನ ಹೌದೆಂದದ್ದು ನಿಜವೇ ಇರಬಹುದು. ದೆಹಲಿಯ ಚೀಟಿ ನನ್ನ ಬಳಿಯೂ ಇತ್ತು. ಆ ವಾರ ನಮ್ಮ ಕನ್ನಡ ಬಳಗದ ವಾಟ್ಸಾಪ್‌ನಲ್ಲೂ ಈ ನಿರ್ಧಾರಕ್ಕೆ ಹೆಬ್ಬೆರಳುಗಳು ಎದ್ದಿದ್ದವು. ಎಲ್ಲಿಂದಲೋ ಬಂದು ಇಲ್ಲಿ ಚೀಟಿ ಮಾಡಿಸಿಕೊಂಡವರೇ ಬಾಗಿಲು ಹಾಕಿ ಎನ್ನುವಾಗ ನಗು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅವರ ಭಯ ಸುಳ್ಳಾಗಿರಲಿಲ್ಲ.

ಕನ್ನಡಿಗರಾಗಿ ನಾವು ಅದಕ್ಕೂ ಹತ್ತು ವಾರ ಹಿಂದಿನ ತಲಪಾಡಿಯನ್ನು ನೆನೆಯಬೇಕು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಕೇರಳದ ಗಡಿಯ ರಸ್ತೆಗಳನ್ನು ಮುಚ್ಚಿತು. ಕೆಲವೆಡೆ ಮಣ್ಣಿನ ರಾಶಿಯನ್ನೇ ಸುರಿಯಲಾಯಿತು. ಕಾಸರಗೋಡಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು, ಮೊದಲಿನಿಂದಲೂ. ಗಡಿಯಲ್ಲಿ ಆಂಬುಲೆನ್ಸುಗಳು ತಿರುಗಿ ಹೋದವು, ದಾರಿ ಸಿಗದೆ ಜನ ಸತ್ತ ಸುದ್ದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಿ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ರೋಗಿಗಳನ್ನು ಬಿಡುವ ಒಂದು ಏರ್ಪಾಡು ಆಯಿತು. ಕಾಸರಗೋಡಿನಲ್ಲಿ ಆಗ ಸೋಂಕು ಹೆಚ್ಚಿತ್ತು, ಕರ್ನಾಟಕದ ಆತಂಕ ಅರ್ಥವಾಗದ್ದಲ್ಲ. ಆದರೆ ಮಹಾಜನ ವರದಿ ಬಂದ 1967ರಿಂದ ಕಾಸರಗೋಡು ನಮ್ಮದು ಎಂದು ನಿರ್ಣಯ ಮಾಡುತ್ತ ಬಂದವರು ನಾವು. ನೆಲ ನಮ್ಮದು ಎಂದವರು ಆ ನೆಲದ ರೋಗಿಯನ್ನು ಹೊರಗಿನವನು ಎಂದೆವು. ಈ ಹೊರಗು, ಒಳಗು ಎಂಬುದು ಎಷ್ಟು ಬೇಗ ಮಗುಚಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಡ.

ಈಗ ಆ ಮೊದಲಿನ ಸಣ್ಣ ಮಾತನ್ನು ಇಲ್ಲಿಗೂ ತಂದು ನೋಡಬಹುದು. 'ಯಾವ ಊರು' ಎಂಬ ಪ್ರಶ್ನೆಯನ್ನು ಕೇಳಲೇಬಾರದು ಎಂದು ನಾನು ಹೇಳುವುದಿಲ್ಲ. ಕೇಳಬೇಕು, ಗಾಜಿಯಾಬಾದಿನವನ ಚಿಕಿತ್ಸೆಯ ಖರ್ಚನ್ನು ದೆಹಲಿಯೊಂದೇ ಹೊರುವುದು ನ್ಯಾಯವಲ್ಲ. ಕೇಳಬೇಕಾದ್ದು ಹಾಸಿಗೆ ಕೊಟ್ಟ ಮೇಲೆ, ಮತ್ತು ಉತ್ತರ ಹೇಳಬೇಕಾದ್ದು ರೋಗಿಯಲ್ಲ, ಆತನ ಸರ್ಕಾರ. ರಾಜ್ಯ ರಾಜ್ಯಗಳ ನಡುವೆ ಲೆಕ್ಕ ಚುಕ್ತಾ ಆಗಲಿ. ಇದು ಅಸಾಧ್ಯದ ಮಾತೇನೂ ಅಲ್ಲ. ರೇಷನ್ ಕಾರ್ಡಿನ ಅಕ್ಕಿ, ಗೋಧಿಯನ್ನು ಇವತ್ತು ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು, 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಅದರೊಳಗೆ ಬಂದವು. ಆಯುಷ್ಮಾನ್ ಕಾರ್ಡು ಕೂಡ ರಾಜ್ಯ ದಾಟುತ್ತದೆ, ಆದರೆ ಅದು ಪಟ್ಟಿಯಲ್ಲಿ ಹೆಸರಿದ್ದವರಿಗೆ, ಆಸ್ಪತ್ರೆಗೆ ದಾಖಲಾದರೆ ಮಾತ್ರ. ಇನ್ನು ತೆರಿಗೆ. 2017ರ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಪಾಲಿನ ತೆರಿಗೆ ಸೇರುವುದು ಸರಕು ಬಳಕೆಯಾದ ರಾಜ್ಯಕ್ಕೆ. ಕಲಬುರ್ಗಿಯಿಂದ ಬಂದು ಮುಂಬಯಿಯಲ್ಲೋ ಪುಣೆಯಲ್ಲೋ ಕಟ್ಟಡ ಕೆಲಸ ಮಾಡುವವನು ಸೋಪು ಕೊಂಡಾಗ, ಮೊಬೈಲಿಗೆ ರೀಚಾರ್ಜ್ ಹಾಕಿಸಿದಾಗ, ಮಹಾರಾಷ್ಟ್ರದ ಬೊಕ್ಕಸಕ್ಕೇ ತುಂಬುತ್ತಾನೆ. ಆತನ ರೇಷನ್ ಕಾರ್ಡು ಊರಿನದೇ ಇರಬಹುದು, ಬೆವರೂ ತೆರಿಗೆಯೂ ಇಲ್ಲಿಯವು. ನಿವಾಸಿ ಅಲ್ಲ ಎಂದು ಆತನಿಗೆ ಹೇಳುವ ಮುಖ ಯಾವ ಸದನಕ್ಕಿದೆ?

ಹಿಂದೆ ಎಲ್ಲ ಚೆನ್ನಾಗಿತ್ತು, ಯಾರೂ ಊರು ಕೇಳುತ್ತಿರಲಿಲ್ಲ ಎಂಬ ವಾದ ನನಗೆ ಹಿಡಿಸುವುದಿಲ್ಲ. ಅರವಟ್ಟಿಗೆಯಲ್ಲಿ ಊರು ಕೇಳುತ್ತಿರಲಿಲ್ಲ ನಿಜ, ಜಾತಿ ಕೇಳುತ್ತಿದ್ದರು. ಕೆಲವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ದಾನಕ್ಕೆ ಪಾತ್ರರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ, ಅದೇ ಅದರ ಕೊರತೆ. ಆದರೂ ಬಳ್ಳಿಗಾವಿಯ ಕೋಡಿಯಮಠದ ಹನ್ನೆರಡನೆಯ ಶತಮಾನದ ಶಾಸನ ನೆನಪಾಗುತ್ತದೆ. ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುವ, ಅನಾಥ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ ಎಂದು ಆ ಮಠವನ್ನು ಅದು ಹೊಗಳುತ್ತದೆ. ಆ ಪಟ್ಟಿ ಮಾಡಿರುವುದು ಅವಸ್ಥೆಯ ಮೇಲೆ. ಇಂಥ ಕೆಲಸಗಳು ನಡೆಯುತ್ತಿದ್ದದ್ದು ದತ್ತಿ ಭೂಮಿಯ ಆದಾಯದಿಂದ. ದತ್ತಿಗೆ ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂಬ ಶಾಪವನ್ನು ನಮ್ಮ ಶಾಸನಗಳ ಕೊನೆಯಲ್ಲಿ ಎಷ್ಟೋ ಸಲ ಕಾಣುತ್ತೇವೆ. ರಾಜಸ್ಥಾನದ ಕಾನೂನಿನಲ್ಲಿ ಶಾಪದ ಜಾಗದಲ್ಲಿ ದಂಡವಿದೆ, ಮೊದಲ ತಪ್ಪಿಗೆ 10,000 ರೂಪಾಯಿವರೆಗೆ. ಕವಿಲೆಯ ಪಾಪಕ್ಕೇ ಜನ ಹೆಚ್ಚು ಹೆದರುತ್ತಿದ್ದರೇನೋ.

ಅದೇ ವರ್ಷದ ಜುಲೈಯಲ್ಲಿ ಅದೇ ಸದನ ಕನಿಷ್ಠ ಆದಾಯ ಖಾತ್ರಿಯ ಕಾನೂನನ್ನೂ ಮಾಡಿತು. 125 ದಿನಗಳ ಕೆಲಸ, ತಿಂಗಳಿಗೆ ಕನಿಷ್ಠ 1,000 ರೂಪಾಯಿ ಪಿಂಚಣಿ, ವರ್ಷಕ್ಕೆ ಶೇಕಡಾ 15ರ ಏರಿಕೆ. ಅಂಥ ಕಡೆ ಹೆಸರು, ವಿಳಾಸ, ವಯಸ್ಸು ಮೊದಲು ಕೇಳುವುದಕ್ಕೆ ನನ್ನ ತಕರಾರಿಲ್ಲ. ಪಿಂಚಣಿ ತಡವಾದರೆ ಕಷ್ಟ, ಆದರೆ ಬಾಕಿ ಸೇರಿಸಿ ಕೊಡಬಹುದು. ತಡವಾದ ಆಮ್ಲಜನಕಕ್ಕೆ ಬಾಕಿ ಎಂಬುದಿಲ್ಲ. ಎರಡಕ್ಕೂ ಒಂದೇ ಕಾರ್ಡು, ಒಂದೇ ಕಿಟಕಿ ಇಟ್ಟು ಕಲ್ಯಾಣ ಎಂಬ ಒಂದೇ ಹೆಸರಿನಿಂದ ಕರೆಯುವಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಆದರೆ ಎಲ್ಲ ಕಾಯಿಲೆಯೂ ತುರ್ತು ಅಲ್ಲ, ನನ್ನ ವಾದ ತೊಡರುವುದು ಅಲ್ಲಿ. ಪಂಜಾಬಿನ ಬಠಿಂಡಾದಿಂದ ರಾಜಸ್ಥಾನದ ಬಿಕಾನೇರಿಗೆ ರಾತ್ರಿ ಹೊರಡುವ ಒಂದು ರೈಲಿಗೆ ಜನ 'ಕ್ಯಾನ್ಸರ್ ಟ್ರೇನ್' ಎಂದು ಹೆಸರಿಟ್ಟಿದ್ದರು. ಮಾಲ್ವಾ ಪ್ರಾಂತದ ರೈತರು ಅದರಲ್ಲಿ ಹೋಗಿ ಬೆಳಿಗ್ಗೆ ಬಿಕಾನೇರಿನ ಆಚಾರ್ಯ ತುಳಸಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸರದಿ ನಿಲ್ಲುತ್ತಿದ್ದರು, ತಮ್ಮಲ್ಲಿಗಿಂತ ಅಲ್ಲಿ ಕಡಿಮೆ ಖರ್ಚು ಎಂದು. ಪಂಜಾಬ್ ಸರ್ಕಾರದ ಕ್ಯಾನ್ಸರ್ ಪರಿಹಾರ ನಿಧಿ ಒಬ್ಬ ರೋಗಿಗೆ 1.5 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಆ ಹಣ ಹೋಗುವುದು ರೋಗಿಯ ಕೈಗಲ್ಲ, ಆಸ್ಪತ್ರೆಗೆ. ನಾನು ಮೇಲೆ ಹೇಳಿದ ಲೆಕ್ಕದ ದಾರಿ ಸಣ್ಣದಾಗಿ ಇಲ್ಲಿ ಆಗಲೇ ಇದೆ. ಆದರೆ ಆರು ತಿಂಗಳ ಕೀಮೋ ಬೇಕಾದವನು ಬಂದಾಗ ಅದೇ ಸರದಿಯಲ್ಲಿ ಚೂರುವಿನವನೂ ನಾಗೌರಿನವನೂ ನಿಂತಿರುತ್ತಾರೆ. ಅವರಿಗೆ ಜೈಪುರದ ಸದನ ಹಕ್ಕು ಕೊಟ್ಟಿದೆ, ಬಠಿಂಡಾದವನಿಗೆ ಕೊಟ್ಟಿಲ್ಲ. ಕೀಮೋ ಕುರ್ಚಿ ಒಂದೇ ಖಾಲಿ ಇದೆ. ಮೊದಲು ಬಂದವನಿಗೆ ಕೊಡುವುದೋ, ಹೆಚ್ಚು ನರಳುತ್ತಿರುವವನಿಗೋ, ಕಾನೂನು ಹೆಸರಿಸಿದವನಿಗೋ ಎಂದು ಅಲ್ಲಿನ ಗುಮಾಸ್ತ ದಿನ ಬೆಳಗಾದರೆ ತೀರ್ಮಾನಿಸಬೇಕು. ವಿಧಾನಸಭೆ 'ನಿವಾಸಿ' ಎಂದು ಬರೆದು ಆ ಕೆಲಸವನ್ನು ಅವನ ಟೇಬಲ್ಲಿಗೆ ಕಳಿಸಿಬಿಟ್ಟಿದೆ.