ಕೇಳುವವನ ಹೊರೆ

1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬವನು, ಕೋಲಾರದ ಸೀಮೆಯಲ್ಲಿ ಚಿನ್ನವಿದೆಯೆಂಬ ಮಾತನ್ನು ಕೇಳಿ, ತೋರಿಸಿಕೊಟ್ಟವರಿಗೆ ಇನಾಮು ಕೊಡುವೆನೆಂದು ಸಾರಿದನು. ಹಳ್ಳಿಗರು ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರಿಗೇ ತೊಳೆದು, ಹೊನ್ನಿನ ಹುಡಿಯನ್ನು ತೋರಿಸಿದರು. ಅಳತೆಯ ಸರಪಳಿ ಹಿಡಿದ ದೊರೆಗೆ ತಿಳಿಯದುದು ಊರವರಿಗೆ ತಿಳಿದಿತ್ತು. ಆ ಹುಡಿ ದೊಡ್ಡ ಗಣಿಯಾಗಿ ನಿಂತುದು ಮಾತ್ರ 1880ರ ದಶಕದಲ್ಲಿ.

2000ದಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ಬಂದಿತು. ಕೆನಡಾದ ಗೋಲ್ಡ್‌ಕಾರ್ಪ್ ಕಂಪನಿಯು, ಗಣಿಯವರು ಬಚ್ಚಿಡುವಂಥ ಭೂವಿವರಗಳನ್ನೆಲ್ಲ ಲೋಕದ ಮುಂದಿಟ್ಟು, ತನ್ನ ರೆಡ್ ಲೇಕ್ ಗಣಿಯಲ್ಲಿ ಚಿನ್ನವೆಲ್ಲಿದೆಯೆಂದು ಹೇಳಿದವರಿಗೆ ಒಟ್ಟು 5,75,000 ಡಾಲರು ಬಹುಮಾನವೆಂದಿತು. ಮೊದಲ ಬಹುಮಾನ ದೂರದ ಆಸ್ಟ್ರೇಲಿಯದವರಿಗೆ ಹೋಯಿತು.

ಈಗ ದೊಡ್ಡ ಕಂಪನಿಗಳಿಗೆ ಇದೊಂದು ಪದ್ಧತಿಯೇ ಆಗಿದೆ. ಹೊಸ ವಿಚಾರ ಬೇಕು, ಹೊರಗಿನವರು ಕೊಡಲಿ ಎನ್ನುತ್ತವೆ. ಅದರ ಹಿಂದೆಯೇ, ಎಷ್ಟು ದಿನ, ಎಷ್ಟು ಲಾಭ, ಖಾತರಿಯೇನು ಎಂದೂ ಕೇಳುತ್ತವೆ. ಖಾತರಿಯಿದ್ದರೆ ಅದು ಹೊಸದು ಹೇಗಾದೀತು?

ಇದಕ್ಕಿಂತ ನನ್ನನ್ನು ಕಾಡುವ ಪ್ರಶ್ನೆ, ಈ ಅನಿಶ್ಚಯದ ಹೊರೆ ಯಾರ ತಲೆಯ ಮೇಲೆ ಎಂಬುದು. ಬಹುಮಾನದ ಏರ್ಪಾಟಿನಲ್ಲಿ ಗೆದ್ದವರಿಗಷ್ಟೇ ಹಣ. ಉಳಿದವರ ದುಡಿಮೆ ಬಿಟ್ಟಿ. ಯಾಪಲದಿನ್ನಿಯ ಕಡೆ ಹೊಲದಲ್ಲಿ ಬೋರು ಹಾಕಿಸುವ ರೈತನ ಲೆಕ್ಕ ಇದಕ್ಕಿಂತ ನ್ಯಾಯವಾದುದು. ನೀರು ಬೀಳಲಿ, ಬರಿಯ ಧೂಳು ಹಾರಲಿ, ಕೊರೆದ ಅಡಿಗೆ ಇಷ್ಟೆಂದು ಗಾಡಿಯವನಿಗೆ ಎಣಿಸಿಕೊಡುತ್ತಾನೆ. ನೆಲ ತನ್ನದು, ನೀರು ಬಿದ್ದರೆ ಬೆಳೆ ತನ್ನದು. ಆದ್ದರಿಂದ ಬೀಳದ ನಷ್ಟವೂ ತನ್ನದೇ. ಆ ನಷ್ಟದಿಂದ ಮನೆಗಳು ಮುರಿದಿವೆ, ಅದೂ ನಿಜ. ಆದರೂ ಸಾಲ ಮಾಡಿದವನು ಹೊರುವ ಈ ಹೊರೆ ಕೋಟಿಗಳ ಕಂಪನಿಗೆ ಭಾರವೆ?

ಇನ್ನೂ ಒಂದುಂಟು: ಹುಡುಕಿದ್ದೇ ಸಿಕ್ಕಬೇಕೆಂಬ ನಿಯಮವಿಲ್ಲ. 1915ರಲ್ಲಿ ನಿಜಾಮ ಸಂಸ್ಥಾನದ ಚಿನ್ನದ ಗಣಿಯ ಎಂಜಿನಿಯರ್ ಬೀಡನ್, ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಕಂಡುಹಿಡಿದದ್ದು ಬಂಡೆಯ ಮೇಲಿನ ಅಕ್ಷರಗಳನ್ನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ಬಿರುದುಗಳಷ್ಟೇ ಇದ್ದುವು. ಇದರಲ್ಲಿ ಅಶೋಕನೆಂಬ ಹೆಸರೇ ಇತ್ತು. ಎಂಜಿನಿಯರನ ದಿನಗಳನ್ನು ಚಿನ್ನದ ತೊಲೆಯಿಂದಷ್ಟೇ ತೂಗುವ ಯಜಮಾನನಾದರೆ, ಆ ದಿನದ ಲೆಕ್ಕದಲ್ಲಿ ಏನೂ ಸಿಕ್ಕಲಿಲ್ಲವೆಂದು ಬರೆದುಕೊಳ್ಳುತ್ತಿದ್ದನು.