ಮೊದಲ ರಿಂಗ್ ಯಾರದ್ದು?

ಮನೆಗೆ ಬಂದವರನ್ನು ಒಳಗೆ ಕರೆದು ಆಮೇಲೆ ಯಾರೆಂದು ವಿಚಾರಿಸಬೇಕೋ, ವಿಚಾರಿಸಿಕೊಂಡು ಒಳಗೆ ಕರೆಯಬೇಕೋ? ಗೃಹಸ್ಥಧರ್ಮದಲ್ಲಿ ಇದು ಬಹಳ ಹಳೆಯ ಪ್ರಶ್ನೆ. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದಷ್ಟು ಕಾಲ ನನಗದು ಪಾಠದ ನಡುವೆ ಬಂದು ಹೋಗುವ ವಿಷಯವಾಗಿತ್ತು. ಕಳೆದ ಮಳೆಗಾಲದಲ್ಲಿ ಮನೆಗೆ ಕಾರ್ಡ್‌ಲೆಸ್ ಫೋನ್ ಬಂತು. ಅದರ ಮೆನು ‘ಹೌದೋ ಅಲ್ಲವೋ’ ಎಂದು ಕೇಳತೊಡಗಿದ ಮೇಲೆ ಜಾರಿಕೊಳ್ಳಲು ದಾರಿಯಿರಲಿಲ್ಲ.

ನಮ್ಮದು ಸಿದ್ದಾಪುರ ತಾಲೂಕಿನ ತೋಟದ ಮನೆ. ಮೊಬೈಲಿಗೆ ಸಿಗ್ನಲ್ ಬೇಕಾದರೆ ದರೆ ಹತ್ತಬೇಕು. ಅದಕ್ಕೇ ಲ್ಯಾಂಡ್‌ಲೈನ್ ಇನ್ನೂ ಜೀವ ಹಿಡಿದುಕೊಂಡಿದೆ. ತಾಮ್ರದ ತಂತಿ ಹೋಗಿ ಫೈಬರ್ ಬಂದಿದೆ, ನಂಬರು ಮಾತ್ರ ಹಳೆಯದೇ. ಜಗಲಿಯ ಫೋನಿನ ಹತ್ತಿರ ಓಡುವಷ್ಟರಲ್ಲಿ ಕಟ್ಟಾಗುತ್ತದೆ ಎಂದು ನಾನು ಗೊಣಗುವುದನ್ನು ಕೇಳಿ ಕೇಳಿ, ಬೆಂಗಳೂರಿನಲ್ಲಿರುವ ತಮ್ಮನ ಮಗ ಇದನ್ನು ತಂದುಕೊಟ್ಟ. ಒಂದು ಬೇಸ್, ಎರಡು ಹ್ಯಾಂಡ್‌ಸೆಟ್. ಸೆಲ್ ಹಾಕಿ 16 ಗಂಟೆ ಚಾರ್ಜ್ ಮಾಡಿ ಎಂದು ಪುಸ್ತಿಕೆಯಲ್ಲಿತ್ತು, ಮಾಡಿದೆವು. ಎರಡನೇ ಹ್ಯಾಂಡ್‌ಸೆಟ್ಟನ್ನು ಬೇಸಿಗೆ ಪರಿಚಯ ಮಾಡಿಸಬೇಕಿತ್ತು. ಬೇಸಿನ ಗುಂಡಿಯನ್ನು ದೀಪ ಮಿಣುಕುವ ತನಕ ಒತ್ತಿ ಹಿಡಿ, ಹ್ಯಾಂಡ್‌ಸೆಟ್ಟಿನಲ್ಲಿ ರಿಜಿಸ್ಟರ್ ಎಂದು ಕೊಡು, ಪಿನ್ ಕೇಳಿದರೆ 0000. ಒಂದು ‘ಬೀಪ್’ ಬಂದರೆ ಅದು ಈ ಮನೆಯದಾಯಿತು. ಹೆಸರಿಡಬಹುದು ಎಂದ. ಒಂದಕ್ಕೆ ‘ಜಗಲಿ’, ಇನ್ನೊಂದಕ್ಕೆ ‘ಅಡುಗೆಮನೆ’ ಎಂದು ಇಟ್ಟೆವು. ಬಯಲಿನಲ್ಲಿ 300 ಮೀಟರ್, ಮನೆಯೊಳಗೆ 50 ಮೀಟರ್ ಎಂದು ಡಬ್ಬಿಯ ಮೇಲೆ ಬರೆದುಕೊಂಡಿದ್ದಾರೆ. ನಮ್ಮ ಕೆಂಪುಕಲ್ಲಿನ ಗೋಡೆ ಅದನ್ನು ಓದಿಲ್ಲ. ಕೊಟ್ಟಿಗೆಯ ತನಕ ಮಾತು ಸರಿಯಾಗಿ ಕೇಳುತ್ತದೆ, ಬಾವಿಕಟ್ಟೆ ದಾಟಿದರೆ ಹರಿದು ಹರಿದು ಬರುತ್ತದೆ.

ಇನ್ನೊಂದು ವ್ಯತ್ಯಾಸ. ಹಳೆಯ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾಗಿದ್ದರೂ ಗಂಟೆ ಹೊಡೆಯುತ್ತಿತ್ತು. ಇದಕ್ಕೆ ಕರೆಂಟು ಬೇಕು, ಫೈಬರಿನ ಡಬ್ಬಿಗೂ ಬೇಕು. ಎರಡನ್ನೂ ಇನ್ವರ್ಟರಿಗೆ ಹಾಕಿದ್ದಾಯಿತು.

ತಕರಾರು ಹುಟ್ಟಿದ್ದು ರಿಂಗ್‌ಟೋನಿನಲ್ಲಿ. ಹುಡುಗ ಫೋನ್‌ಬುಕ್ಕಿಗೆ ಹೆಸರುಗಳನ್ನು ತುಂಬುತ್ತಾ, “ಅತ್ತೆ, ನೆಂಟರಿಗೆ ಒಂದು ಟ್ಯೂನು, ಬ್ಯಾಂಕಿನವರಿಗೆ ಒಂದು, ಮಾವನಿಗೆ ಬೇರೆಯದೇ ಒಂದು ಹಾಕಿಡ್ತೀನಿ. ಒಲೆ ಮುಂದೆ ಇದ್ರೂ ಗೊತ್ತಾಗತ್ತೆ, ಎತ್ತಬೇಕೋ ಬೇಡ್ವೋ ಅಂತ” ಎಂದ. ಮಾವ ಎಂದರೆ ನಮಗೆ ದೂರದ ಸಂಬಂಧ. ಸಂಜೆ ದೀಪ ಹಚ್ಚುವ ಹೊತ್ತಿಗೇ ಅವರ ಫೋನು. ಅಡಿಕೆ ಧಾರಣೆಯಿಂದ ಹಿಡಿದು, ಮಂಡಿನೋವಿಗೆ ಬಂದು, ಮತ್ತೆ ಧಾರಣೆಗೇ ಹೋಗುತ್ತಾರೆ. ಅಷ್ಟರಲ್ಲಿ ಸಾರು ಅರ್ಧ ಇಂಗಿರುತ್ತದೆ. ಹುಡುಗನ ಸಲಹೆಯಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ.

ಆದರೆ ವಿಷ್ಣುಪುರಾಣದ ಮೂರನೇ ಅಂಶದಲ್ಲಿ ಗೃಹಸ್ಥನ ದಿನಚರಿ ಬರುತ್ತದೆ. ವೈಶ್ವದೇವ ಮುಗಿಸಿ, ಬಲಿಹರಣ ಮಾಡಿ, ಊಟಕ್ಕೆ ಕೂರುವ ಮೊದಲು ಅವನು ಅಂಗಳದಲ್ಲಿ ನಿಂತು ಅತಿಥಿಗಾಗಿ ಕಾಯಬೇಕು. ಎಷ್ಟು ಹೊತ್ತು? ಒಂದು ಹಸು ಕರೆಯುವಷ್ಟು ಹೊತ್ತು, ಮನಸ್ಸಿದ್ದರೆ ಇನ್ನೂ ಹೆಚ್ಚು. ಬಂದವನ ಗೋತ್ರ, ಶಾಖೆ, ಓದು, ಕುಲ ಯಾವುದನ್ನೂ ಕೇಳದೆ ಅವನನ್ನು ಹಿರಣ್ಯಗರ್ಭನೆಂದೇ ತಿಳಿದು ಉಪಚರಿಸಬೇಕು. (ಇಲ್ಲಿ ಬಸವಣ್ಣನವರ ವಚನ ಎಲ್ಲರಿಗೂ ನೆನಪಾಗುತ್ತದೆ. ಮದುವೆ ಕಾಗದದಿಂದ ಹಿಡಿದು ಚುನಾವಣೆ ಭಾಷಣದ ತನಕ ಅದನ್ನು ದುಡಿಸಿಕೊಂಡಾಗಿದೆ, ನಾನು ಬಿಡುತ್ತೇನೆ.) ಕಾಲರ್ ಐಡಿ ಮಾಡುವುದು ಇದಕ್ಕೆ ತದ್ವಿರುದ್ಧ. ಬಂದವನು ಬಾಯಿ ತೆರೆಯುವ ಮೊದಲೇ ಗೋತ್ರಪ್ರವರ ಹೇಳಿಬಿಡುತ್ತದೆ.

ವಿಷ್ಣುಪುರಾಣದ ಅದೇ ಭಾಗ ಅತಿಥಿಯೆಂದರೆ ಯಾರು ಎಂಬುದನ್ನೂ ಹೇಳುತ್ತದೆ: ಬೇರೆ ಊರಿನಿಂದ ಬಂದವನು, ಹೆಸರೂ ಕುಲವೂ ಗೊತ್ತಿಲ್ಲದವನು. ನಮ್ಮ ಪರದೆಯ ಭಾಷೆಯಲ್ಲಿ ಅನ್‌ನೋನ್ ನಂಬರು. ಹಾಗಾದರೆ ಮಾವ ಅತಿಥಿಯಲ್ಲ, ಬರಿಯ ನೆಂಟ. ನಿಜವಾದ ಅತಿಥಿ ನಾವು ಇವತ್ತು ಎಲ್ಲಕ್ಕಿಂತ ಮೊದಲು ಬ್ಲಾಕ್ ಮಾಡುವ ಗುರುತಿಲ್ಲದ ನಂಬರಿನವನು! ಇದನ್ನು ಹೇಳಿದಾಗ ಹುಡುಗ ನಕ್ಕ. “ಅತ್ತೆ, ಆ ಅತಿಥಿ ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡ್ತಾನೆ ಅಷ್ಟೆ.”

ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಪೊಲೀಸು, ಕಸ್ಟಮ್ಸು ಎಂದು ಹೇಳಿಕೊಂಡು ವಯಸ್ಸಾದವರನ್ನು ಗಂಟೆಗಟ್ಟಲೆ ಹೆದರಿಸಿ, ಜನ್ಮದ ಉಳಿತಾಯ ದೋಚಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಎಚ್ಚರಿಸಬೇಕಾಯಿತು. ಇದಕ್ಕೆ ಶಾಸ್ತ್ರದಲ್ಲಿ ಉತ್ತರ ಇಲ್ಲವೆಂದಲ್ಲ. ಮನುಸ್ಮೃತಿಯ ನಾಲ್ಕನೇ ಅಧ್ಯಾಯದಲ್ಲಿ ಒಂದು ಪಟ್ಟಿಯಿದೆ. ಬೆಕ್ಕಿನ ವ್ರತದವರು, ಅಂದರೆ ಧರ್ಮದ ಸೋಗು ಹಾಕುವ ಕಪಟಿಗಳು, ಬಕವೃತ್ತಿಯವರು, ಶಠರು ಇಂಥವರನ್ನು ಬರಿಯ ಮಾತಿನಿಂದಲೂ ಗೌರವಿಸಬಾರದು ಎನ್ನುತ್ತದೆ. ಬರಿಯ ಮಾತು, ಅಂದರೆ ಫೋನಿನಲ್ಲಿ ಕೊಡಲು ಸಾಧ್ಯವಿರುವುದು ಅದೊಂದೇ. ಅದೇ ಪಟ್ಟಿಗೆ ತರ್ಕ ಮಾಡುವವರನ್ನೂ ಸೇರಿಸಿದ್ದಾನೆ ಮನು. ಅಲ್ಲಿ ನಾನು ಅವನ ಜೊತೆಗಿಲ್ಲ. ತರ್ಕ ಮಾಡುವವರು ಫೋನ್ ಮಾಡಿದರೆ ನನಗೆ ಖುಷಿ.

ಒಂದು ಕಡೆ ಕೇಳದೆ ಬರಮಾಡಿಕೊ, ಇನ್ನೊಂದು ಕಡೆ ಕಳ್ಳನಿಗೆ ಮಾತನ್ನೂ ಕೊಡಬೇಡ. ಎರಡೂ ಒಟ್ಟಿಗೆ ನಡೆಯುವುದು ಹೇಗೆ? ಉತ್ತರ ಸಿಕ್ಕಿದ್ದು ಆ ಫೋನಿನಲ್ಲೇ. ನಮ್ಮ ಲೈನಿನಲ್ಲಿ ಕರೆ ಮಾಡಿದವರ ನಂಬರು ಬರುವುದು ಮೊದಲ ರಿಂಗಿಗೂ ಎರಡನೆಯದಕ್ಕೂ ನಡುವೆ. ಮೊದಲು ‘ಟ್ರಿಣ್ ಟ್ರಿಣ್’ ಎಂದು ಎಲ್ಲರಿಗೂ ಒಂದೇ ಸ್ವರ. ಆಮೇಲೆ ಎರಡು ಸೆಕೆಂಡಿನಷ್ಟು ಮೌನ. ಆ ಮೌನದಲ್ಲಿ ನಂಬರು ಹರಿದುಬಂದು, ಫೋನ್‌ಬುಕ್ಕಿನಲ್ಲಿ ಹೆಸರು ಸಿಕ್ಕಿ, ಪರದೆ ಬೆಳಗುತ್ತದೆ. ಎರಡನೇ ರಿಂಗಿನಿಂದ ಅವರವರ ಟ್ಯೂನು ಶುರುವಾಗುತ್ತದೆ. ಅಂದರೆ ಮೊದಲ ರಿಂಗಿಗೆ ಕುಲಗೋತ್ರವಿಲ್ಲ. ‘ಯಾರೋ ಬಂದಿದ್ದಾರೆ’ ಎಂಬಷ್ಟೇ ಸುದ್ದಿ.

ಹುಡುಗ ಇದನ್ನು ದೋಷವೆಂದುಕೊಂಡ. ಮೆನುವಿನಲ್ಲಿ ಮೊದಲ ರಿಂಗನ್ನು ಅಡಗಿಸುವ ಆಯ್ಕೆ ಹುಡುಕಿ, “ಇದನ್ನ ಆನ್ ಮಾಡಿದ್ರೆ ಶುರುವಿನಿಂದಲೇ ಸರಿಯಾದ ಟ್ಯೂನು” ಎಂದ. ನಾನು ಬೇಡವೆಂದೆ. ಆ ಒಂದು ರಿಂಗೇ ನಮಗೆ ಉಳಿದಿರುವ ಅಂಗಳ. ನಮ್ಮ ಹಸು ಕರೆಯಲು ಐದಾರು ನಿಮಿಷವಾದರೂ ಬೇಕು, ಇದು ಎರಡೋ ಮೂರೋ ಸೆಕೆಂಡು. ಅಷ್ಟಾದರೂ ಯಾರು ಏನೆಂದು ತಿಳಿಯದೆ ಏಳುವ ಅಭ್ಯಾಸ ಉಳಿಯಲಿ. ಆಮೇಲೆ ವಿವೇಕ ಇದ್ದೇ ಇದೆ. ಎತ್ತಿದ ಮೇಲೆ ಬೆಕ್ಕಿನ ವ್ರತದವನೆಂದು ಗೊತ್ತಾದರೆ ಇಟ್ಟುಬಿಡುತ್ತೇನೆ, ಬ್ಲಾಕ್ ಪಟ್ಟಿಗೆ ಸೇರಿಸುತ್ತೇನೆ. ಹಣದ ಮಾತು, ಒಟಿಪಿ ಮಾತು ಫೋನಿನಲ್ಲಿ ಆಡುವುದಿಲ್ಲ. ಒಬ್ಬರೇ ಇರುವವರು, ಬೇಗ ಹೆದರುವವರು ಗುರುತಿಲ್ಲದ ನಂಬರುಗಳನ್ನೆಲ್ಲ ತಡೆದರೆ ಅದು ಅಧರ್ಮವೆಂದು ನಾನು ಹೇಳಲಾರೆ. ಆದರೆ ಮನೆತುಂಬ ಜನರಿರುವವರಿಗೆ ಆ ರಿಯಾಯಿತಿ ಇಲ್ಲ.

ಉಳಿದದ್ದು ಸತ್ಯದ ಪ್ರಶ್ನೆ. ಹಿಂದೆ ಬೇಡದವರು ಫೋನ್ ಮಾಡಿದರೆ ಮಕ್ಕಳ ಬಾಯಲ್ಲಿ ‘ಅಪ್ಪ ಮನೇಲಿಲ್ಲ’ ಎಂದು ಹೇಳಿಸುತ್ತಿದ್ದರು. ಸುಳ್ಳು ಹೇಳುತ್ತಿದ್ದೇವೆಂಬ ಅಳುಕಾದರೂ ಇತ್ತು. ಈಗ ಪರದೆ ನೋಡಿ ಸುಮ್ಮನಿದ್ದರಾಯಿತು. ನಾವು ಬಾಯಿ ಬಿಡುವುದೇ ಇಲ್ಲ, ರಿಂಗೇ ನಮ್ಮ ಪರವಾಗಿ ಸುಳ್ಳು ಹೇಳುತ್ತಿರುತ್ತದೆ. ಹಳೆಯ ಸುಳ್ಳಿಗಿಂತ ಇದು ಶುದ್ಧವೆಂದು ನನಗನಿಸುವುದಿಲ್ಲ.

ಕಠೋಪನಿಷತ್ತಿನ ಯಮನಾದರೋ ನಿಜವಾಗಿಯೂ ಮನೆಯಲ್ಲಿರಲಿಲ್ಲ. ನಚಿಕೇತ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದ. ಬಂದ ಯಮ ‘ನಾನು ಊರಲ್ಲಿರಲಿಲ್ಲ’ ಎಂದು ಕಾರಣ ಹೇಳಲಿಲ್ಲ. ನಮಸ್ಕರಿಸಿ, ರಾತ್ರಿಗೊಂದರಂತೆ ಮೂರು ವರ ಕೊಟ್ಟ. ಸಾವಿನ ದೇವತೆಗೇ ಮಿಸ್ಡ್ ಕಾಲ್ ಋಣವಾಗಿ ಕಂಡಿತ್ತು. ನಮ್ಮ ಹ್ಯಾಂಡ್‌ಸೆಟ್ಟಿನಲ್ಲೂ ತಪ್ಪಿಹೋದ ಕರೆಗಳ ಪಟ್ಟಿಯಿದೆ. ರಾತ್ರಿ ಊಟದ ಮೊದಲು ಅದನ್ನು ನೋಡಿ ಗುರುತಿನವರಿಗೆ ತಿರುಗಿ ಮಾಡುತ್ತೇನೆ. ಮಾವನಿಗೆ ದೀಪ ಹಚ್ಚುವ ಹೊತ್ತು ಬೇಡ, ಎಂಟು ಗಂಟೆಗೆ ನಾನೇ ಮಾಡುತ್ತೇನೆ ಎಂದು ನೇರವಾಗಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಧಾರಣೆ ವರದಿ ಈಗ ಎಂಟಕ್ಕೆ.

ಕೊನೆಗೆ ಉಳಿದ ಸೆಟ್ಟಿಂಗು ಹೀಗಿದೆ: ಎಲ್ಲರಿಗೂ ಒಂದೇ ಟ್ಯೂನು, ಪಕ್ಕದೂರಿನ ಡಾಕ್ಟರಿಗೆ ಮಾತ್ರ ಬೇರೆ. ನೀವೂ ಇಂಥ ಫೋನು ತಂದರೆ 0000 ಪಿನ್ ಅವತ್ತೇ ಬದಲಾಯಿಸಿ, ಸೈಬರ್ ವಂಚನೆಗೆ ದೂರು ಕೊಡುವ 1930ನ್ನು ಫೋನ್‌ಬುಕ್ಕಿನಲ್ಲಿ ಹಾಕಿಡಿ, ಮೊದಲ ರಿಂಗನ್ನು ಅಡಗಿಸುವ ಆಯ್ಕೆಯನ್ನು ಆಫ್‌ನಲ್ಲೇ ಬಿಡಿ.